ಅಣ್ಣನ 40 ಸಾವಿರ ಮತ್ತು ಬಿಸಿ ಕಾಣೋ ಕ್ಯಾಮೆರಾ

ನಮ್ಮ ರಾಯಚೂರು ಕಡೆ ‘ಥರ್ಮಲ್’ ಅಂದ್ರೆ ಶಕ್ತಿನಗರದ ವಿದ್ಯುತ್ ಸ್ಥಾವರ. ಹಾಗಾಗಿ ಯರಗೇರಾದಿಂದ ಅಣ್ಣ ಫೋನ್ ಮಾಡಿ, “ತಮ್ಮಾ, ಒಂದು ಥರ್ಮಲ್ ತಗೋಬೇಕಂತ ಮಾಡೀನಿ, ಯಾವ್ದು ಚಲೋ ನೋಡಿ ಹೇಳು” ಅಂದಾಗ ನನಗೆ ನಗು ಬಂತು. ಅವನು ನಗಲಿಲ್ಲ.

ಅಣ್ಣ ಎಲೆಕ್ಟ್ರಿಷಿಯನ್. ರಾಯಚೂರು, ಮಾನ್ವಿ ಸುತ್ತಿನ ಅಕ್ಕಿ ಗಿರಣಿ, ಜಿನ್ನಿಂಗ್ ಮಿಲ್‌ಗಳ ಪ್ಯಾನೆಲ್ ಬೋರ್ಡ್ ಕೆಲಸ ಮಾಡ್ತಾನೆ. ಹಿಂದಿನ ತಿಂಗಳು ಯಾರದೋ ಥರ್ಮಲ್ ಕ್ಯಾಮೆರಾ ಇಸ್ಕೊಂಡು ಒಂದು ಜಿನ್ನಿಂಗ್ ಮಿಲ್‌ನ ಬೋರ್ಡ್ ನೋಡಿ, “ಎಲ್ಲಾ ತಣ್ಣಗೈತ್ರಿ ಸಾವ್ಕಾರ್ರೆ” ಅಂದು ಬಂದಿದ್ದ. ಹನ್ನೊಂದನೇ ದಿನಕ್ಕೆ ಅದೇ ಬೋರ್ಡಿನ ಒಂದು ಕೇಬಲ್ ಲಗ್ ಸುಟ್ಟು ಕರಕಲಾಯ್ತು. ಹಗಲು ಹೊತ್ತು, ಜನ ಇದ್ರು, ಬಚಾವಾದ್ರು. ಹತ್ತಿ ಹಾರಾಡೋ ಜಾಗದಲ್ಲಿ ಅದು ರಾತ್ರಿ ಆಗಿದ್ರೆ? ಅಣ್ಣನಿಗೆ ಆ ಮಿಲ್ ಹೋಯ್ತು. ಈಗ ಕೂಡಿಟ್ಟ 40 ಸಾವಿರ ಹಾಕಿ ಸ್ವಂತ ಕ್ಯಾಮೆರಾ ತಗೋತೀನಿ ಅಂತ ಹಟ.

ಅವನು ಎರಡು ಮಾಡೆಲ್ ಕಳಿಸಿದ. ಒಂದರ ಪರದೆ ದೊಡ್ಡದು, ಚಿತ್ರ ಚೆಂದ. ಆದರೆ ನೋಡಬೇಕಾದ್ದು ಪರದೆಯಲ್ಲ, ಒಳಗಿನ ಥರ್ಮಲ್ ಸೆನ್ಸರ್. ಅದರದ್ದು 80×60, ಅಂದ್ರೆ 4,800 ಪಿಕ್ಸೆಲ್. ಇನ್ನೊಂದರದ್ದು 256×192, ಅಂದ್ರೆ 49,152. ಫೋನ್ ಕ್ಯಾಮೆರಾ ಲೆಕ್ಕದಲ್ಲಿ ಎರಡೂ ಏನೂ ಅಲ್ಲ. ಇಲ್ಲಿ ಮಾತ್ರ ಒಂದೊಂದು ಪಿಕ್ಸೆಲ್ಲೂ ಒಂದೊಂದು ಥರ್ಮಾಮೀಟರ್.

ಎರಡರ ಲೆನ್ಸೂ ಸುಮಾರು 56 ಡಿಗ್ರಿ ಅಗಲ ನೋಡುತ್ತೆ ಅಂತಿಟ್ಟುಕೊಳ್ಳಿ. ಒಂದು ಮೀಟರ್ ದೂರದಿಂದ 256ರ ಕ್ಯಾಮೆರಾದ ಒಂದು ಪಿಕ್ಸೆಲ್ ಸುಮಾರು 4 ಮಿ.ಮೀ. ಜಾಗ ನೋಡುತ್ತೆ, 80ರದ್ದು 13 ಮಿ.ಮೀ. ನಂಬುವಂಥ ಅಳತೆಗೆ ಕನಿಷ್ಠ ಮೂರು ಪಿಕ್ಸೆಲ್ ಅಗಲ ಬೇಕು. ಅಂದ್ರೆ ಮೊದಲನೆಯದಕ್ಕೆ 12 ಮಿ.ಮೀ. ಬೋಲ್ಟ್ ಸಾಕು, ಎರಡನೆಯದಕ್ಕೆ 4 ಸೆಂ.ಮೀ. ವಸ್ತು ಬೇಕು. ಅದಕ್ಕಿಂತ ಸಣ್ಣದಾದ್ರೆ ಅಕ್ಕಪಕ್ಕದ ತಂಪೂ ಸೇರಿಸಿ ಸರಾಸರಿ ತೋರಿಸುತ್ತೆ. ಕುದಿಯೋ ಬೋಲ್ಟ್ ಬರೀ ಬೆಚ್ಚಗೆ ಕಾಣುತ್ತೆ.

ಹಾಗಂತ ಒಳ್ಳೆ ಸೆನ್ಸರ್ ಇದ್ರೆ ಮುಗೀತಾ? ಹಳೇ ಫೋಟೋಗಳನ್ನ ತರಿಸಿ ನೋಡಿದೆ. ಎರವಲು ತಂದಿದ್ದ ಕ್ಯಾಮೆರಾ ಚೆನ್ನಾಗೇ ಇತ್ತು! ತಪ್ಪಾಗಿದ್ದು ಬೇರೆ ಕಡೆ. ಒಂದು, ಊಟದ ಹೊತ್ತಲ್ಲಿ ಮಷೀನು ನಿಂತಾಗ ಚೆಕ್ ಮಾಡಿದ್ದ. ಜಾಯಿಂಟಿನ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತೆ. ಕರೆಂಟ್ ಅರ್ಧಕ್ಕಿಳಿದ್ರೆ ಹುಟ್ಟೋ ಬಿಸಿ ಕಾಲು ಭಾಗ. ಎರಡು, ಫಳಫಳ ಹೊಳೆಯೋ ತಾಮ್ರ, ಅಲ್ಯೂಮಿನಿಯಂ ತನ್ನ ಬಿಸಿಯನ್ನ ಹೊರಸೂಸೋದೇ ಕಡಿಮೆ, ಕನ್ನಡಿ ಥರ ಸುತ್ತಲಿನದನ್ನೇ ತೋರಿಸುತ್ತೆ. ಇದಕ್ಕೇ ಎಮಿಸಿವಿಟಿ ಅನ್ನೋದು. ಕಪ್ಪು ಇನ್ಸುಲೇಷನ್ ಟೇಪಿನದ್ದು ಸುಮಾರು 0.95, ಪಾಲಿಶ್ ಮಾಡಿದ ತಾಮ್ರದ್ದು 0.1ಕ್ಕಿಂತ ಕಡಿಮೆ. ಮೇನ್ ಆಫ್ ಇದ್ದಾಗಲೇ ಟೇಪ್ ತುಂಡು ಅಂಟಿಸಿಟ್ಟು, ಲೋಡ್ ಬಂದ ಮೇಲೆ ಅದರ ಮೇಲೆ ಅಳೀಬೇಕು. ಪ್ಯಾನೆಲ್ಲಿಗೆ ಗಾಜಿನ ಬಾಗಿಲಿದ್ರೆ ಹೊರಗಿಂದ ನೋಡೋದೂ ವ್ಯರ್ಥ; ಗಾಜಿನಾಚೆ ಈ ಕ್ಯಾಮೆರಾಗೆ ಕಾಣಲ್ಲ.

ಇನ್ನು ಫೋನಿಗೆ ಸಿಕ್ಕಿಸೋ ಥರದ್ದು ಅಗ್ಗ. ಆದರೆ ನಮ್ಮೂರ ಬೇಸಿಗೆ, ಮಿಲ್ ಧೂಳಿನಲ್ಲಿ ದಿನಾ ದುಡಿಯೋನಿಗೆ ಬೇರೆಯೇ ಕ್ಯಾಮೆರಾ ವಾಸಿ. ಜೊತೆಗೆ ಫೋಟೋದಲ್ಲಿ ಪ್ರತಿ ಪಿಕ್ಸೆಲ್ಲಿನ ಉಷ್ಣತೆಯೂ ಸೇವ್ ಆಗ್ಬೇಕು. ನಾಳೆ ಸಾವ್ಕಾರ್ರು ಕೇಳಿದ್ರೆ ತೋರಿಸೋಕೆ ಅದೇ ದಾಖಲೆ.

ಅಣ್ಣ 256ರದ್ದನ್ನೇ ತಗೊಂಡ. ಮೊನ್ನೆ ಒಂದು ಅಕ್ಕಿ ಗಿರಣಿಯಿಂದ ಫೋಟೋ ಕಳಿಸಿದ್ದ. ಮೂರು ಫೇಸ್‌ಗಳಲ್ಲಿ ಎರಡು ಒಂದೇ ಸಮ, ಮೂರನೆಯದು 30 ಡಿಗ್ರಿ ಜಾಸ್ತಿ.

“ಲೋಡ್ ಇತ್ತೇನಣ್ಣ?”

“ಫುಲ್ ಇತ್ತು. ಟೇಪೂ ಹಚ್ಚಿದ್ದೆ. ಗಿರಣಿ ನಿಂದ್ರಿಸಿ ಬೋಲ್ಟ್ ಬಿಗಿ ಮಾಡೀನಿ. ಈ ಸಲ ತಣ್ಣಗೈತಿ ಅಂತ ನಾನಾಗೇ ಹೇಳಿಲ್ಲ, ಸಾವ್ಕಾರ್ರಿಗೆ ಎರಡೂ ಫೋಟೋ ತೋರಿಸೀನಿ.”