ಮೆನುವಿನಲ್ಲಿ ನಲವತ್ತು, ಬಿಲ್ಲಿನಲ್ಲಿ ನಲವತ್ತೆಂಟು!



ದಾವಣಗೆರೆ ಕಡೆಯ ಸೋದರಿಯೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಅವರ ಮಗ ಸಿಂಗಪುರದಲ್ಲಿ ಕೆಲಸದಲ್ಲಿದ್ದಾನೆ. ರಜೆಯಲ್ಲಿ ಅತ್ತೆಯವರನ್ನೂ ಕರೆದುಕೊಂಡು ಹೋಗಿ ಬಂದರಂತೆ. ಮೊದಲ ರಾತ್ರಿ ಹೋಟೆಲಿನಲ್ಲಿ ಊಟ. ಮೆನು ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದಾಗ 40 ಡಾಲರ್ ಆಗಿತ್ತು. ಬಂದ ಬಿಲ್ಲು 47 ಡಾಲರ್ 96 ಸೆಂಟು. ಮಗ ಮಾತಾಡದೆ ಕೊಟ್ಟ. ಆದರೆ ಅತ್ತೆಯವರು, "ಮಗುವಿನ ಸಂಬಳವೆಲ್ಲ ನಮ್ಮ ಹೊಟ್ಟೆಗೇ ಹೋಗ್ತದಲ್ಲಮ್ಮ" ಅಂತ ಪೇಚಾಡಿಕೊಂಡು, ಮಾರನೆಯ ದಿನದಿಂದ ಹೊಟ್ಟೆ ಸರಿಯಿಲ್ಲ ಎಂಬ ನೆವ ಹೇಳಿ ಬ್ರೆಡ್ಡು, ಬಾಳೆಹಣ್ಣಿನಲ್ಲೇ ದಿನ ಕಳೆದರಂತೆ. "ಹೊರಗಿನವರು ಅಂತ ನಮಗೆ ಮೋಸ ಮಾಡಿದರೇ?" ಎಂದು ಕೇಳಿದ್ದಾರೆ.

ಮೋಸವೇನೂ ಆಗಿಲ್ಲ, ತಾಯಿ. ಆ ಮೆನುವಿನಲ್ಲಿ ಬೆಲೆಯ ಪಕ್ಕದಲ್ಲೋ, ಪುಟದ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲೋ ಎರಡು ಪ್ಲಸ್ ಗುರುತು (++) ಇದ್ದಿರಲೇಬೇಕು. ಮೊದಲ ಪ್ಲಸ್ ಎಂದರೆ ಸರ್ವಿಸ್ ಚಾರ್ಜು, ನೂರಕ್ಕೆ 10. ಎರಡನೆಯದು ಸರ್ಕಾರದ ತೆರಿಗೆ. ಅಲ್ಲೂ ಅದರ ಹೆಸರು ಜಿಎಸ್‌ಟಿಯೇ. 1994ರಲ್ಲಿ ನೂರಕ್ಕೆ 3 ಎಂದು ಶುರುವಾದದ್ದು ಏರುತ್ತಾ ಏರುತ್ತಾ 2024ರ ಜನವರಿಯಿಂದ 9 ಆಗಿದೆ. ಹತ್ತೂ ಒಂಬತ್ತೂ ಹತ್ತೊಂಬತ್ತು ತಾನೇ ಅನ್ನಬೇಡಿ. ತೆರಿಗೆ ಬೀಳುವುದು ಬರೀ ಊಟದ ಮೇಲಲ್ಲ, ಸರ್ವಿಸ್ ಚಾರ್ಜಿನ ಮೇಲೂ ಸೇರಿ. 40ಕ್ಕೆ 4 ಸೇರಿ 44; ಆ 44ಕ್ಕೆ ತೆರಿಗೆ 3 ಡಾಲರ್ 96 ಸೆಂಟು. ಬಿಲ್ಲು ಸೆಂಟಿನ ಮಟ್ಟಿಗೂ ಸರಿಯಾಗಿದೆ!

ಸಿಂಗಪುರದ ಅಂಗಡಿಗಳಲ್ಲಿ ತೆರಿಗೆ ಸೇರಿಸಿಯೇ ಬೆಲೆ ತೋರಿಸಬೇಕೆಂಬ ನಿಯಮವಿದೆ. ಸರ್ವಿಸ್ ಚಾರ್ಜು ಹಾಕುವ ಹೋಟೆಲುಗಳಿಗೆ ಮಾತ್ರ ಅದರಿಂದ ವಿನಾಯಿತಿ. ನನ್ನನ್ನು ಕೇಳಿದರೆ ಈ ವಿನಾಯಿತಿ ಕೊಡಬಾರದಿತ್ತು. ಎಲ್ಲ ಸೇರಿಸಿ 48 ಎಂದೇ ಬರೆದಿದ್ದರೆ ಆ ಹಿರಿಯರು ಎರಡು ಪದಾರ್ಥ ಕಡಿಮೆ ಹೇಳಿ ನೆಮ್ಮದಿಯಾಗಿ ಉಣ್ಣುತ್ತಿದ್ದರು.

ನೀವು ಮಾಡಬೇಕಾದ್ದು ಇಷ್ಟೇ. ಸಿಂಗಪುರದಲ್ಲಿ ಪ್ಲಸ್ ಗುರುತು ಕಂಡರೆ ಬೆಲೆಗೆ ಐದನೇ ಒಂದು ಪಾಲು ಸೇರಿಸಿಕೊಳ್ಳಿ. 10 ಇದ್ದರೆ 12, 25 ಇದ್ದರೆ 30. ಥಾಯ್ಲೆಂಡಿನ ದೊಡ್ಡ ಹೋಟೆಲುಗಳಲ್ಲೂ ಇದೇ ಪದ್ಧತಿ. ಸರ್ವಿಸ್ 10, ತೆರಿಗೆ 7, ಹಾಗಾಗಿ 100 ಬಾತಿನ ತಿಂಡಿ 117 ಬಾತ್ 70 ಸತಾಂಗ್ ಆಗುತ್ತದೆ. ಮಲೇಷ್ಯಾದಲ್ಲಿ ಊಟದ ಮೇಲಿನ ಸೇವಾ ತೆರಿಗೆ ನೂರಕ್ಕೆ 6, ಸರ್ವಿಸ್ ಚಾರ್ಜು ಹಾಕುವ ಕಡೆ ಅದರ 10 ಬೇರೆ. ಹಾಂಗ್‌ಕಾಂಗಿನಲ್ಲಿ ಊಟಕ್ಕೆ ತೆರಿಗೆಯೇ ಇಲ್ಲ ಅಂತ ಹಿಗ್ಗುವ ಹೊತ್ತಿಗೆ ಸರ್ವಿಸ್ 10 ಬಂದು ಕೂತಿರುತ್ತದೆ. ಚೀನೀ ಹೋಟೆಲುಗಳಲ್ಲಂತೂ ಚಹಾಕ್ಕೆಂದು ತಲೆಗಿಷ್ಟು ಬೇರೆ! ಈ ವಿಷಯದಲ್ಲಿ ಜಪಾನು ವಾಸಿ. 2021ರ ಏಪ್ರಿಲ್‌ನಿಂದ ಅಲ್ಲಿ ತೆರಿಗೆ ಸೇರಿದ ಬೆಲೆಯನ್ನೇ ತೋರಿಸಬೇಕೆಂದು ಕಡ್ಡಾಯ ಮಾಡಿದರು. ಟಿಪ್ಸ್ ಕೊಡುವ ರೂಢಿಯೂ ಇಲ್ಲ. ಮೇಜಿನ ಮೇಲೆ ಚಿಲ್ಲರೆ ಬಿಟ್ಟು ಬಂದರೆ ಮರೆತಿರೆಂದು ತಿಳಿದು ಹಿಂದೆಯೇ ಓಡಿ ಬಂದು ಕೊಡುತ್ತಾರೆ.

ಇನ್ನೊಂದು ಮಾತು. ನಮ್ಮಲ್ಲಿ 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹೋಟೆಲಿನವರು ತಾವಾಗಿ ಸರ್ವಿಸ್ ಚಾರ್ಜು ಸೇರಿಸಕೂಡದು ಎಂದು ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಬೆಂಗಳೂರಿನಲ್ಲಿ "ಇದನ್ನ ತೆಗೀರಿ" ಎಂದು ಧೈರ್ಯವಾಗಿ ಹೇಳಿದ ಹಾಗೆ ಸಿಂಗಪುರದಲ್ಲಿ ಹೇಳಹೋಗಬೇಡಿ, ನಡೆಯುವುದಿಲ್ಲ. ಮೆನುವಿನಲ್ಲಿ ಮೊದಲೇ ಹಾಕಿದ್ದಾರೆ, ನೋಡಿ ತಿಂದಿದ್ದೀರಿ, ಕೊಡಬೇಕು. ಅದರ ಮೇಲೆ ಟಿಪ್ಸ್ ಮಾತ್ರ ಕೊಡಬೇಕಿಲ್ಲ.

ಆದರೆ ಒಂದು ಕಡೆ ಬಾಯಿಬಿಟ್ಟು ಹೇಳಬಹುದು. ಅಲ್ಲಿನ ಚೀನೀ ಹೋಟೆಲುಗಳಲ್ಲಿ ಕೂತ ಕೂಡಲೇ ಕೇಳದೆಯೇ ಒಂದು ತಟ್ಟೆ ಕಡಲೆಕಾಯಿ ಬೀಜ, ಒದ್ದೆ ಟಿಶ್ಯೂ ತಂದಿಡುತ್ತಾರೆ. ಉಪಚಾರವೆಂದುಕೊಂಡು ಮುಟ್ಟಿದಿರೋ, ಬಿಲ್ಲಿಗೆ ಸೇರಿತು. ಬೇಡವಾದರೆ "ಬೇಡ, ತಗೊಂಡು ಹೋಗಿ" ಎಂದರಾಯಿತು. ಅಲ್ಲಿನವರೇ ಹಾಗೆ ಹೇಳುತ್ತಾರೆ, ಸಂಕೋಚ ಬೇಡ. ಕೈ ಒರೆಸಿಕೊಳ್ಳಲು ಕರ್ಚೀಫು ಇಲ್ಲವೇ?

ಇನ್ನು ಅತ್ತೆಯವರ ಊಟದ ವಿಚಾರ. ಮುಂದಿನ ಸಲ ಹೋದಾಗ ಹಾಕರ್ ಸೆಂಟರಿಗೆ ಕರೆದುಕೊಂಡು ಹೋಗಿ. ಬೀದಿಯಲ್ಲಿ ಗಾಡಿ ಇಟ್ಟು ಮಾರುತ್ತಿದ್ದವರನ್ನು ಸರ್ಕಾರವೇ ಒಂದು ಸೂರಿನಡಿ ತಂದು ಕೂರಿಸಿದ ಜಾಗಗಳಿವು. ಈ ಹಾಕರ್ ಸಂಸ್ಕೃತಿ 2020ರಲ್ಲಿ ಯುನೆಸ್ಕೋದ ಪಟ್ಟಿಗೂ ಸೇರಿತು. ಹಲಗೆಯ ಮೇಲೆ ಬರೆದ ಬೆಲೆಯೇ ಕೊಡುವ ಬೆಲೆ. ಸರ್ವಿಸ್ ಚಾರ್ಜಿಲ್ಲ, ಪ್ಲಸ್ಸಿಲ್ಲ. ಲಿಟ್ಲ್ ಇಂಡಿಯಾದ ಟೆಕ್ಕಾ ಸೆಂಟರಿನಲ್ಲಿ ನಮ್ಮ ಕಡೆಯ ದೋಸೆಯೂ ಸಿಗುತ್ತದೆ. ಮಾಂಸದಂಗಡಿಯೂ ಅದೇ ಕಟ್ಟಡದಲ್ಲಿರುವುದರಿಂದ ಮಡಿಯವರಿಗೆ ಮೊದಲೇ ಹೇಳಿಬಿಡಿ. ತಿಂದಾದ ಮೇಲೆ ತಟ್ಟೆ-ಲೋಟವನ್ನು ನೀವೇ ಎತ್ತಿಕೊಂಡು ಹೋಗಿ ಇಡಬೇಕು. 2021ರಿಂದ ಅದು ಕಾನೂನು.

ಅಂದಹಾಗೆ, ಅಲ್ಲಿ ಸುಮ್ಮನೆ ಚಹಾ ಎಂದರೆ ಮಂದವಾದ ಸಿಹಿ ಹಾಲಿನ ಡಬ್ಬಿಯನ್ನೇ ಬಗ್ಗಿಸಿ ಕೊಡುತ್ತಾರೆ. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಎಂದೂ ಬರೆದಿದ್ದೀರಿ. "ತೆ ಸಿ ಕೊಸೊಂಗ್" ಎಂದು ಕೇಳಿ: ಹಾಲು ಹಾಕಿದ, ಸಕ್ಕರೆ ಹಾಕದ ಚಹಾ ಬರುತ್ತದೆ.