ಬತ್ತಿ ತಗ್ಗಿಸುವ ಅಧಿಕಾರ

ಲಾಟೀನಿನ ಕಾಲವನ್ನು ಕಂಡವರಿಗೆ ನೆನಪಿರಬಹುದು. ಸೀಮೆಎಣ್ಣೆ ತಳ ಕಂಡ ರಾತ್ರಿಗಳಲ್ಲಿ ಮನೆಯ ಹಿರಿಯರು ತಿರುಪನ್ನು ತುಸುವೇ ತಿರುಗಿಸಿ ಬತ್ತಿಯನ್ನು ಇಳಿಸುತ್ತಿದ್ದರು. ಎಷ್ಟು ಬೆಳಕು ಬೇಕು, ಎಷ್ಟು ಎಣ್ಣೆ ಉಳಿಯಬೇಕು ಎಂಬ ತೀರ್ಮಾನ ಮನೆಯೊಳಗೇ ಆಗುತ್ತಿತ್ತು. ಈಗ ನಮ್ಮ ಮಕ್ಕಳು ಓದುವ ಲ್ಯಾಪ್‌ಟಾಪಿನ ಪರದೆಯ ಹಿಂದೆಯೂ ದೀಪಗಳಿವೆ, ಎಲ್‌ಇಡಿಗಳ ಒಂದು ಸಾಲು. ಅದರ ತಿರುಪು ಯಾರ ಕೈಯಲ್ಲಿದೆ ಎಂದು ನಾವು ಕೇಳುವುದೇ ಇಲ್ಲ.

ಕಳೆದ ಮಳೆಗಾಲದಲ್ಲಿ ಈ ಪ್ರಶ್ನೆ ನಮ್ಮ ಮನೆಗೇ ಬಂದಿತು. ಮರ ಬಿದ್ದು ವಿದ್ಯುತ್ ತಂತಿ ಕಡಿದು ನಾಲ್ಕು ದಿನವಾಗಿತ್ತು. ಮೋಡ ಮುಚ್ಚಿದ್ದರಿಂದ ಸೌರಫಲಕವೂ ಹೆಸರಿಗಷ್ಟೇ ಇತ್ತು. ತಂಗಿಯ ಮಗ ಪರೀಕ್ಷೆಗೆ ಓದಲು ತಂದಿದ್ದ ಹಳೆಯ ಲ್ಯಾಪ್‌ಟಾಪಿಗೆ ಕೆಲವೇ ದಿನಗಳ ಹಿಂದೆ ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಸಲಾಗಿತ್ತು. ಅಂದಿನಿಂದ ಬೆಳಕು ತಗ್ಗಿಸುವ ಕೀಲಿಗಳು ಸತ್ತುಹೋಗಿ, ಪರದೆ ಸದಾ ಪೂರ್ಣಪ್ರಭೆಯಲ್ಲಿ ಉರಿಯುತ್ತಿತ್ತು. ಪೇಟೆಯ ಅಂಗಡಿಯವರು ನೋಡಿ, "ಪರದೆ ಹೋಗಿದೆ, ಬದಲಿಸುವ ಖರ್ಚಿಗೆ ಹೊಸದೇ ತೆಗೆದುಕೊಳ್ಳಿ" ಎಂದಿದ್ದರು.

ಪರದೆಗೆ ಏನೂ ಆಗಿರಲಿಲ್ಲ. ಕೆಟ್ಟಿದ್ದು ಡ್ರೈವರ್.

ಡ್ರೈವರ್ ಎಂದರೆ ಇಲ್ಲಿ ಜೀಪು ಓಡಿಸುವವನಲ್ಲ. ಯಂತ್ರದ ಒಂದು ಭಾಗಕ್ಕೂ ಕಾರ್ಯಾಚರಣ ವ್ಯವಸ್ಥೆಗೂ ನಡುವೆ ನಿಂತು ಮಾತು ದಾಟಿಸುವ ಸಣ್ಣ ತಂತ್ರಾಂಶ. ಎಲ್‌ಇಡಿಯ ಬೆಳಕನ್ನು ತಗ್ಗಿಸುವ ರೀತಿಯೇ ವಿಚಿತ್ರವಾದುದು. ಸಾಮಾನ್ಯವಾಗಿ ಅದನ್ನು ಸೆಕೆಂಡಿಗೆ ನೂರಾರು ಸಲ, ಕೆಲವೆಡೆ ಸಾವಿರಾರು ಸಲ ಆರಿಸಿ ಹೊತ್ತಿಸುತ್ತಾರೆ. ಹೊತ್ತಿರುವ ಅವಧಿ ಕಿರಿದಾದಷ್ಟೂ ಕಣ್ಣಿಗೆ ಬೆಳಕು ಮಂದವಾಗಿ ತೋರುತ್ತದೆ. ಆ ಅವಧಿ ಎಷ್ಟಿರಬೇಕೆಂದು ಹೇಳುವುದು ಡ್ರೈವರಿನ ಕೆಲಸ. ಲಿನಕ್ಸ್ ವ್ಯವಸ್ಥೆಯಲ್ಲಿ ಇದು ಯಾರೂ ತೆರೆದು ನೋಡಬಹುದಾದ ಎರಡು ಪುಟ್ಟ ಕಡತಗಳ ರೂಪದಲ್ಲಿದೆ. ಒಂದರಲ್ಲಿ ಈಗಿನ ಬೆಳಕಿನ ಅಂಕಿ, ಇನ್ನೊಂದರಲ್ಲಿ ಗರಿಷ್ಠ ಅಂಕಿ. ಗರಿಷ್ಠವು ಒಂದು ಯಂತ್ರದಲ್ಲಿ 15 ಇದ್ದರೆ ಮತ್ತೊಂದರಲ್ಲಿ 937 ಇರಬಹುದು. ಅಂಕಿ ಬದಲಿಸಿದರೆ ಬೆಳಕೂ ಬದಲಾಗಬೇಕು.

ಹಾಗಾದರೆ ಕೆಡುವುದೇಕೆ? ಹಳೆಯ ಲ್ಯಾಪ್‌ಟಾಪುಗಳಲ್ಲಿ ಈ ತಿರುಪಿಗೆ ಎರಡು ಮೂರು ದಾರಿಗಳಿದ್ದವು: ತಯಾರಕರು ಯಂತ್ರದೊಳಗೆ ಬರೆದಿಟ್ಟ ಮೂಲ ತಂತ್ರಾಂಶದ ದಾರಿ, ಆಯಾ ಕಂಪನಿಯ ವಿಶೇಷ ದಾರಿ, ಚಿತ್ರ ಮೂಡಿಸುವ ಚಿಪ್ಪಿನ ನೇರ ದಾರಿ. 2022ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 6.1 ಆವೃತ್ತಿಯಲ್ಲಿ ಈ ಗೊಂದಲವನ್ನು ಬಿಡಿಸಿ, ಒಂದೇ ದಾರಿಯನ್ನು ಆರಿಸಿಕೊಳ್ಳುವ ವ್ಯವಸ್ಥೆ ಮಾಡಲಾಯಿತು. ಕೆಲವು ಹಳೆಯ ಮಾದರಿಗಳಲ್ಲಿ ಆಯ್ಕೆ ತಪ್ಪಬಹುದೆಂದು ಮೊದಲೇ ಅರಿತಿದ್ದ ಅಭಿವರ್ಧಕರು, ಹಳೆಯ ಯಂತ್ರವಿದ್ದವರು ಪರೀಕ್ಷಿಸಿ ತಿಳಿಸಿರೆಂದು ಬಹಿರಂಗವಾಗಿ ಕೇಳಿಕೊಂಡರು. ತಪ್ಪು ಕಂಡ ಮಾದರಿಗಳ ಹೆಸರುಗಳನ್ನು ಒಂದೊಂದಾಗಿ ವಿನಾಯಿತಿಪಟ್ಟಿಗೆ ಸೇರಿಸುತ್ತ ಹೋದರು. ನಮ್ಮ ಹುಡುಗನ ಗೆಳೆಯನೊಬ್ಬ, ಯಂತ್ರ ಏಳುವಾಗ ಓದುವ ಸಾಲಿಗೆ ಚಿಕ್ಕದೊಂದು ಸೂಚನೆ ಸೇರಿಸಿ ನೇರ ದಾರಿಯನ್ನು ತೆರೆದುಕೊಟ್ಟ. ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಲಾಭವೆಷ್ಟು? ಪೂರ್ಣಪ್ರಭೆಯಲ್ಲಿ ಸುಮಾರು 12 ವ್ಯಾಟ್ ಎಳೆಯುತ್ತಿದ್ದ ಯಂತ್ರ 9ಕ್ಕೆ ಇಳಿಯಿತು. ನಾಲ್ಕು ಗಂಟೆಯ ಓದಿಗೆ 12 ವ್ಯಾಟ್-ಗಂಟೆ ಉಳಿತಾಯ. ಅಷ್ಟರಲ್ಲಿ ಅಡುಗೆಮನೆಯ 3 ವ್ಯಾಟಿನ ದೀಪ ನಾಲ್ಕು ಗಂಟೆ ಉರಿಯುತ್ತದೆ. ಸೌರ ಬ್ಯಾಟರಿಯನ್ನೋ ಹಳ್ಳದ ನೀರಿನ ಪುಟ್ಟ ಟರ್ಬೈನನ್ನೋ ನಂಬಿದ ಮನೆಗೆ ಇದು ಸಣ್ಣ ಲೆಕ್ಕವಲ್ಲ.

ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಭೂಗತ ಯೋಜನೆಯ ವಿರುದ್ಧ ನಿಂತಿರುವವರು ಮೂರು ವ್ಯಾಟಿನ ಮಾತಾಡುವುದೇ ಎಂದು ಕೆಲವರು ನಕ್ಕಾರು. ಪರದೆಯ ಬೆಳಕು ತಗ್ಗಿಸಿ ಯಾವ ಯೋಜನೆಯೂ ನಿಲ್ಲದು, ನಿಜ. ನನ್ನ ಚಿಂತೆ ಅಂಗಡಿಯವರ ಆ ಮಾತಿನದು. ಅದನ್ನು ನಂಬಿದ್ದರೆ ಚೆನ್ನಾಗಿದ್ದ ಯಂತ್ರವೊಂದು ಗುಜರಿಗೆ ಹೋಗುತ್ತಿತ್ತು. ಲ್ಯಾಪ್‌ಟಾಪೊಂದು ತನ್ನ ಆಯುಷ್ಯದಲ್ಲಿ ಉಂಟುಮಾಡುವ ಇಂಗಾಲದ ಹೊರೆಯ ಬಹುಪಾಲು ಅದರ ತಯಾರಿಕೆಯಲ್ಲೇ ಮುಗಿದಿರುತ್ತದೆ. ಹೊಸದು ಕೊಂಡು ವಿದ್ಯುತ್ ಉಳಿಸುತ್ತೇವೆಂಬುದು ಭ್ರಮೆ. ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯವನ್ನು ಸೃಷ್ಟಿಸಿತು. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದುದು ಶೇ. 22.3 ಮಾತ್ರ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ಮುಂದಿನ ಆವೃತ್ತಿಗೆ ಅರ್ಹವಲ್ಲದ, ಆದರೆ ಕೆಲಸಕ್ಕೆ ಏನೂ ಕೊರತೆಯಿಲ್ಲದ ಯಂತ್ರಗಳು ಶಾಲೆಗಳ ಮೂಲೆ ಸೇರುತ್ತಿವೆ.

2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಉತ್ಪಾದಕರ ಮೇಲೆ ಹೊಣೆ ಹೊರಿಸಿವೆಯಾದರೂ, ಅದು ಬಹುಮಟ್ಟಿಗೆ ಎಸೆದ ಮೇಲಿನ ಹೊಣೆ. ಎಸೆಯುವಂತೆ ಮಾಡಿದ್ದೇನು ಎಂದೂ ಕೇಳಬೇಕಾಗಿದೆ. ತಂಪುಪೆಟ್ಟಿಗೆಯ ಮೇಲೆ ನಕ್ಷತ್ರ ಮುದ್ರಿಸುವಂತೆ, ಎಷ್ಟು ವರ್ಷ ಡ್ರೈವರ್ ಪರಿಷ್ಕರಿಸುತ್ತೇವೆಂದು ಲ್ಯಾಪ್‌ಟಾಪಿನ ಮೇಲೂ ಮುದ್ರಿಸಲಿ. ಆ ಅವಧಿ ಮುಗಿದ ಮೇಲೆ ಡ್ರೈವರಿನ ಮೂಲ ಸಂಕೇತವನ್ನು ಬಿಟ್ಟುಕೊಡಲಿ. ಬಾಗಿಲಿನ ಕೀಲಿಕೈ ತನ್ನಲ್ಲೇ ಇಟ್ಟುಕೊಂಡು ಮನೆ ಮಾರುವವರನ್ನು ನಾವು ಒಪ್ಪುತ್ತೇವೆಯೆ?

ಇಂಜಿನಿಯರಿಂಗ್ ಓದುತ್ತಿರುವ ನಮ್ಮೂರ ಮಕ್ಕಳು ರಜೆಯಲ್ಲಿ ಬಂದಾಗ ಊರಿನ ಶಾಲೆಯ ಒಂದೆರಡು ಯಂತ್ರಗಳನ್ನಾದರೂ ನೋಡಲಿ. ಪರಿಷ್ಕರಿಸುವಾಗ ಹಳೆಯ ಕರ್ನಲ್ಲನ್ನು ಅಳಿಸಬೇಡಿ. ಹೊಸದು ಕೈಕೊಟ್ಟರೆ ಅದರಿಂದಲೇ ಯಂತ್ರವನ್ನು ಎಬ್ಬಿಸಬಹುದು. ಪರೀಕ್ಷೆಯ ಹಿಂದಿನ ದಿನ ಈ ಕೆಲಸಕ್ಕೆ ಕೈಹಾಕಬೇಡಿ. ಯಂತ್ರದ ಮೂಲ ತಂತ್ರಾಂಶವಾದ ಬಯೋಸನ್ನು ಗುಡುಗು-ಮಳೆಯ ದಿನ ಮುಟ್ಟಲೇಬಾರದು: ನಡುವೆ ವಿದ್ಯುತ್ ಹೋದರೆ ಯಂತ್ರ ಮತ್ತೆ ಏಳದಿರಬಹುದು. ಆಗಲೂ ಬೆಳಕು ತಗ್ಗದಿದ್ದರೆ ಯಂತ್ರದ ಮಾದರಿಯ ಹೆಸರು, ಕರ್ನಲ್ ಆವೃತ್ತಿ, ಆ ಎರಡು ಕಡತಗಳಲ್ಲಿನ ಅಂಕಿಗಳನ್ನು ಬರೆದು ಅಭಿವರ್ಧಕರಿಗೆ ಕಳುಹಿಸಿ. ವಿನಾಯಿತಿಪಟ್ಟಿಯಲ್ಲಿ ಇನ್ನೊಂದು ಸಾಲಿಗೆ ಜಾಗವಿದೆ.