ರಜೆಯಲ್ಲಿ ಮಗುವಿಗೆ ಒಂದು ಆನೆ ಸಾಕು

ಅರಸೀಕೆರೆ, ಬೇಲೂರು, ಹಳೇಬೀಡು ಸುತ್ತಿನ ಪೋಷಕರಲ್ಲಿ ಒಂದು ಮನವಿ



ಏಪ್ರಿಲ್ ಎರಡನೇ ವಾರ ಶಾಲೆಗೆ ಬೀಗ ಬಿದ್ದರೆ ಮತ್ತೆ ಬಾಗಿಲು ತೆಗೆಯುವುದು ಮೇ ಕೊನೆಗೆ. ಸುಮಾರು ಏಳು ವಾರ. ನಾಲ್ಕರಿಂದ ಎಂಟು ವರ್ಷದ ಮಗು ಅಷ್ಟು ದಿನ ಏನು ಮಾಡಬೇಕು? ನಮ್ಮ ಮನೆಗಳಲ್ಲಿ ಈಗ ಇರುವ ಉತ್ತರ ಮೂರೇ: ಕೈಗೊಂದು ಮೊಬೈಲು, ಮುಂದಿನ ತರಗತಿಯ ಟ್ಯೂಷನ್, ಇಲ್ಲವೇ ಕಾರು ಮಾಡಿಕೊಂಡು ಒಂದೇ ದಿನ ನಾಲ್ಕು ಊರು ಸುತ್ತಿಬರುವ ಟ್ರಿಪ್ಪು. ಮೂರೂ ಬೇಡ ಎನ್ನುವುದೇ ಈ ಕರಪತ್ರದ ವಾದ. ವಾರಕ್ಕೊಂದು ಬೆಳಗ್ಗೆ, ಒಂದೇ ಜಾಗ, ಅಲ್ಲಿ ನೋಡಲು ಒಂದೇ ಸಂಗತಿ, ಜೊತೆಗೆ ಪುರುಸೊತ್ತಾಗಿ ಕೂರುವ ಮನೆಯ ಒಬ್ಬ ದೊಡ್ಡವರು. ಚಿಕ್ಕ ಮಗುವಿನ ರಜೆಗೆ ಇಷ್ಟು ಬೇಕು.

ನಮಗೇಕೆ ಟೂರಿಸ್ಟರ ಅವಸರ?

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೂರದಿಂದ ಬಂದವರು ಬೆಳಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು ಮುಗಿಸಿ ಬಸ್ಸು ಹತ್ತುತ್ತಾರೆ. ಅವರಿಗೆ ಅಷ್ಟೇ ಸಮಯ. ನಾವೋ, ನೆಂಟರು ಬಂದಾಗ ಮಾತ್ರ ದೇವಸ್ಥಾನದ ಕಡೆ ಹೋಗುತ್ತೇವೆ, ಹೋದಾಗ ಅವರ ಹಿಂದೆಯೇ ಓಡುತ್ತೇವೆ. ಮಗು ಒಂದು ಆನೆಯ ಮುಂದೆ ನಿಂತರೆ "ಬಾರೋ, ಇನ್ನೂ ಬೇಕಾದಷ್ಟಿದೆ" ಎಂದು ಕೈಹಿಡಿದು ಎಳೆಯುತ್ತೇವೆ. ಪಕ್ಕದೂರಿನವರಿಗೆ ಈ ಗಡಿಬಿಡಿ ಯಾತಕ್ಕೆ? ಈ ವಾರ ಆನೆ ನೋಡಿದರೆ ಮುಂದಿನ ವಾರ ಕುದುರೆ ನೋಡಬಹುದು. ಈ ಸೌಕರ್ಯ ಬೆಂಗಳೂರಿನ ಮಗುವಿಗಿಲ್ಲ, ನಮ್ಮ ಮಕ್ಕಳಿಗಿದೆ.

ಹಳೇಬೀಡಿನಲ್ಲಿ

ಹೊಯ್ಸಳೇಶ್ವರ ದೇಗುಲದ ಜಗತಿ ಹತ್ತಿ ಗೋಡೆಯ ಬಳಿ ನಿಲ್ಲಿ. ತಳದಲ್ಲಿ ಆನೆಗಳ ಸಾಲು. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ದೊಡ್ಡವರು ತಲೆಯೆತ್ತಿ ದೇವರ ವಿಗ್ರಹಗಳನ್ನು ನೋಡುತ್ತಾರೆ. ಐದು ವರ್ಷದ ಮಗುವಿನ ಕಣ್ಣಿಗೆ ನೇರ ಬೀಳುವುದು ಈ ಕೆಳಗಿನ ಪಟ್ಟಿಗಳೇ. ಹಾಗಾಗಿ ನೀವೂ ಕುಕ್ಕರುಗಾಲಲ್ಲಿ ಕೂತು ಅಲ್ಲಿಂದಲೇ ನೋಡಿ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಆನೆಗಳು ಮಾತ್ರ. ಇದರ ಸೊಂಡಿಲು ಎತ್ತ ತಿರುಗಿದೆ? ಇದರ ಕಾಲ ಬುಡದಲ್ಲಿ ಏನಿದೆ? ಇದಕ್ಕೂ ಪಕ್ಕದ್ದಕ್ಕೂ ಏನು ವ್ಯತ್ಯಾಸ? ಉತ್ತರ ನೀವು ಹೇಳಬೇಡಿ, ಮಗು ಹೇಳಲಿ.

ಇನ್ನೊಂದು ವಾರಕ್ಕೆ ಮಕರ. ಸೊಂಡಿಲು ಆನೆಯದು, ಬಾಯಿ ಮೊಸಳೆಯದು, ಬಾಲ ನವಿಲಿನದು. ಮನೆಗೆ ಬಂದು ಮಗು ತನ್ನದೇ ಒಂದು ಮೃಗ ಬರೆಯಲಿ. ಬೆಕ್ಕಿನ ಮುಖಕ್ಕೆ ಕೋಳಿಯ ಕಾಲು ಇಟ್ಟರೆ ತಿದ್ದಬೇಡಿ.

ಈ ದೇಗುಲ ಕಟ್ಟಿರುವುದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗಿದ್ದು, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುವ ಕಲ್ಲು. ಒಡವೆಯ ಎಳೆಯನ್ನೂ ಬಿಡಿಸಲು ಸಾಧ್ಯವಾದದ್ದು ಅದರಿಂದಲೇ. ಮನೆಯಲ್ಲಿ ಒಂದು ಬಟ್ಟೆ ಸೋಪು, ಒಂದು ಹಳೇ ಚಮಚ ಕೊಟ್ಟು ಮಗುವಿನಿಂದ ಮೀನು ಕೆತ್ತಿಸಿ. ಕೈ ಜಾರಿ ಬಾಲ ಮುರಿದಾಗ ಶಿಲ್ಪಿಯ ಕಷ್ಟ ಏನೆಂದು ತಾನಾಗಿ ಗೊತ್ತಾಗುತ್ತದೆ.

ಪಕ್ಕದ ಬಸ್ತಿಹಳ್ಳಿಯಲ್ಲಿ ಪಾರ್ಶ್ವನಾಥ ಬಸದಿಯಿದೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ್ದು. ಅಲ್ಲಿನ ಕಂಬಗಳ ಹೊಳಪಿನಲ್ಲಿ ನೆರಳು ಕಾಣುತ್ತದೆ. ಹತ್ತಿರ ಹೋದರೆ ಹೇಗೆ, ದೂರ ಸರಿದರೆ ಹೇಗೆ ಎಂದು ಮಗು ಆಡಿ ನೋಡಲಿ. ಗದ್ದಲವಿಲ್ಲದ ಜಾಗ, ಬೇಕಾದಷ್ಟು ಹೊತ್ತು ಇರಬಹುದು.

ಬೇಲೂರಿನಲ್ಲಿ

1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರ ಶಿಲ್ಪಗಳನ್ನೆಲ್ಲ ತೋರಿಸಲು ಹೊರಟರೆ ಮಗು ಸುಸ್ತಾಗುತ್ತದೆ. ಕನ್ನಡಿ ಹಿಡಿದವಳೊಬ್ಬಳನ್ನು ತೋರಿಸಿ, ಹಾಗೇ ನಿಲ್ಲಲು ಹೇಳಿ. ಎಷ್ಟು ಹೊತ್ತು ಅಲ್ಲಾಡದೆ ನಿಲ್ಲುತ್ತೀಯ ನೋಡೋಣ ಎಂದರೆ ಯಾವ ಮಗು ಬಿಟ್ಟೀತು? ಇನ್ನೊಮ್ಮೆ ಹೋದಾಗ ಡೋಲು, ತಾಳ, ಕೊಳಲು ಹುಡುಕಿ. ಒಳಗೆ ನವರಂಗದಲ್ಲಿ ಒಂದೇ ಥರದ ಎರಡು ಕಂಬ ಹುಡುಕುವ ಪಂದ್ಯ ಕಟ್ಟಿ.

ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಬ್ಬರೂ ಇಲ್ಲಿ ಕೆಲಸ ಮಾಡಿದರು, ತಾವು ಕೆತ್ತಿದ ಶಿಲ್ಪದ ಬುಡದಲ್ಲಿ ಹೆಸರು ಬರೆದರು. ಅಪ್ಪ ಮಗ ಒಂದೇ ಗುಡಿಯಲ್ಲಿ ಉಳಿ ಹಿಡಿದ ಕಥೆ ಹೇಳಿ. ಆಮೇಲೆ ಮಗು ಬರೆದ ಚಿತ್ರಕ್ಕೆಲ್ಲ ಅದರ ರುಜು ಹಾಕಿಸಿ.

ಅರಸೀಕೆರೆಯಲ್ಲಿ

ಇಲ್ಲಿ ನೋಡಲು ಮೂರು ಜಾಗ. ಮೊದಲನೆಯದು 1220ರ ಸುಮಾರಿನ ಈಶ್ವರ ದೇವಾಲಯ, ಊರಲ್ಲೇ ಇದೆ. ನಕ್ಷತ್ರದಾಕಾರದ ತೆರೆದ ಮಂಟಪವನ್ನು ಹೊರಗಿನಿಂದ ಸುತ್ತುತ್ತ ಮಗು ಅದರ ಮೂಲೆಗಳನ್ನು ಎಣಿಸಲಿ. ಲೆಕ್ಕ ತಪ್ಪಿದರೆ ಇನ್ನೊಂದು ಸುತ್ತು. ನಡಿಗೆಯೂ ಆಯಿತು, ಗಣಿತವೂ ಆಯಿತು.

ಎರಡನೆಯದು ರೈಲ್ವೆ ಜಂಕ್ಷನ್. ಬೆಂಗಳೂರು, ಹುಬ್ಬಳ್ಳಿ, ಹಾಸನ ಮೂರು ಕಡೆಯ ಹಳಿಗಳು ಇಲ್ಲಿ ಸೇರುತ್ತವೆ. ಹತ್ತು ರೂಪಾಯಿಯ ಪ್ಲಾಟ್‌ಫಾರಂ ಟಿಕೆಟ್ ತೆಗೆದು ಬೆಂಚಿನ ಮೇಲೆ ಒಂದು ಗಂಟೆ ಕೂರಿ. ಯಾವ ರೈಲು ಎತ್ತ ಹೋಯಿತು, ಗೂಡ್ಸಿಗೆ ಎಷ್ಟು ಡಬ್ಬಿ, ಬೋರ್ಡಿನ ಮೇಲೆ ಎಷ್ಟು ಲಿಪಿ. ಬಿಡುವಿದ್ದರೆ ಪ್ಯಾಸೆಂಜರ್ ಹತ್ತಿ ತಿಪಟೂರಿನವರೆಗೆ ಹೋಗಿಬನ್ನಿ. ಕಿಟಕಿಯ ಸೀಟು ಮಗುವಿಗೆ.

ಮೂರನೆಯದು ತೆಂಗಿನ ತೋಟ. ಹೊಂಬಾಳೆಯಿಂದ ಹಿಡಿದು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ಕೊಬ್ಬರಿಯವರೆಗೆ ಒಂದೊಂದನ್ನೂ ಮುಟ್ಟಿಸಿ, ಕುಲುಕಿಸಿ ಸದ್ದು ಕೇಳಿಸಿ. ಗರಿಯಲ್ಲಿ ಪೀಪಿ, ವಾಚು, ಗಿರಿಗಿಟ್ಲೆ ಮಾಡುವುದು ಅಜ್ಜನಿಗೆ ಗೊತ್ತು. ಅಜ್ಜ ಹೇಳಿಕೊಡಲಿ. ಮಟ್ಟೆಯ ಬ್ಯಾಟು, ಚೌಕಾಬಾರ, ಅಳಗುಳಿಮಣೆ ಮಧ್ಯಾಹ್ನದ ಬಿಸಿಲಿಗೆ ಸಾಕು.

ನೀವು ಕೇಳಬಹುದು

*ದುಡ್ಡು?* 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸು ಉಚಿತ. ಬುತ್ತಿ ಕಟ್ಟಿಕೊಂಡರೆ ಹೋಟೆಲಿನ ಖರ್ಚೂ ಇಲ್ಲ.

*ಸಮಯ?* ವಾರಕ್ಕೆ ಅರ್ಧ ದಿನ. ಅದೂ ಆಗದಿದ್ದರೆ ನಾಲ್ಕು ಮನೆಯವರು ಸರದಿ ಹಾಕಿಕೊಳ್ಳಿ.

*ಬೇಸಿಗೆ ಶಿಬಿರ?* ಮೈಸೂರಿನ ರಂಗಾಯಣ ನಡೆಸುವ ಚಿನ್ನರ ಮೇಳದಂಥ ಒಳ್ಳೆಯ ಶಿಬಿರ ಹತ್ತಿರವಿದ್ದರೆ ಧಾರಾಳವಾಗಿ ಕಳಿಸಿ. ಇಲ್ಲವೆಂದು ಕೊರಗಬೇಡಿ.

*ಓದು ಹಾಳಾಗುತ್ತದೆ?* ಹೋಲಿಸುವುದು, ಎಣಿಸುವುದು, ಕಂಡದ್ದನ್ನು ಹೇಳುವುದು ಓದಲ್ಲದೆ ಮತ್ತೇನು? ರಾತ್ರಿ ಊಟದ ಹೊತ್ತಿಗೆ "ಇವತ್ತು ಏನು ನೋಡಿದೆ" ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ.

ಎಚ್ಚರ

• ಬೆಳಗ್ಗೆ ಬೇಗ ಹೋಗಿ, ಹತ್ತರೊಳಗೆ ಮುಗಿಸಿ. ಚಪ್ಪಲಿ ಬಿಟ್ಟು ನಡೆಯುವ ಕಲ್ಲುಹಾಸು ಆಮೇಲೆ ಕಾಲು ಸುಡುತ್ತದೆ. ಮಗುವಿಗೆ ಕಾಲುಚೀಲ ಇಟ್ಟುಕೊಳ್ಳಿ.
• ಕೆರೆ, ಹಳೇಬೀಡಿನ ಹತ್ತಿರದ ಹುಲಿಕೆರೆಯ ಕಲ್ಯಾಣಿ, ತೋಟದ ಕೃಷಿಹೊಂಡ, ರೈಲು ಹಳಿ: ಇಲ್ಲೆಲ್ಲ ಮಗುವಿನ ಕೈ ಬಿಡಲೇಬೇಡಿ.
• ಶಿಲ್ಪದ ಮೇಲೆ ಹತ್ತಿಸಬೇಡಿ, ಗೀಚಲು ಬಿಡಬೇಡಿ. ಒಂಬೈನೂರು ವರ್ಷ ಉಳಿದದ್ದು ನಮ್ಮ ಕಾಲದಲ್ಲಿ ಸವೆಯಬಾರದು.
• ಮೊಬೈಲು ಚೀಲದಲ್ಲಿರಲಿ. ಹೊರಡುವಾಗ ಒಂದು ಫೋಟೋ ಸಾಕು.

ನಮ್ಮ ಬೇಡಿಕೆ

ಶಾಲೆಗಳಿಗೆ: ರಜೆಯಲ್ಲಿ ಆಟದ ಮೈದಾನದ ಗೇಟು ತೆರೆದಿಡಿ. ಪುಟ್ಟ ಮಕ್ಕಳಿಗೆ ಕಾಪಿ ಬರೆಯುವ ಹೋಂವರ್ಕ್ ಕೊಡಬೇಡಿ.

ಗ್ರಾಮ ಪಂಚಾಯಿತಿಗಳಿಗೆ: 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಗ್ರಂಥಾಲಯದಲ್ಲಿ ಮಕ್ಕಳ ಸದಸ್ಯತ್ವ ಉಚಿತ. ರಜೆಯಲ್ಲಿ ದಿನಕ್ಕೊಂದು ಗಂಟೆ ಅಲ್ಲಿ ಕಥೆ ಓದಿಸಿ.

ದೇಗುಲಗಳ ಉಸ್ತುವಾರಿ ಹೊತ್ತ ಇಲಾಖೆಗಳಿಗೆ: ಮಗುವಿನ ಕೈಗೆ ಎಟಕುವ ನಲ್ಲಿ, ಶುಚಿಯಾದ ಶೌಚಾಲಯ, ಬಿಸಿಲಿಗೆ ಕಾಯುವ ಕಲ್ಲಿನ ಮೇಲೆ ತೆಂಗಿನ ನಾರಿನ ಹಾಸು. ನಾರಿಗೆ ಈ ಸೀಮೆಯಲ್ಲಿ ಬರವಿಲ್ಲ.

ಗೈಡುಗಳಿಗೆ: ವಾರಕ್ಕೊಂದು ದಿನ ಊರಿನ ಮಕ್ಕಳಿಗೆ ಇಸವಿ ಬಿಟ್ಟು ಬರೀ ಕಥೆ ಹೇಳಿ.

ಪೋಷಕರೇ, ಉಳಿದವರು ಮಾಡಲಿ ಎಂದು ಕಾಯಬೇಡಿ. ಬರುವ ಭಾನುವಾರ ಮೊದಲ ಬಸ್ಸಿಗೆ ಮಗುವಿನೊಂದಿಗೆ ಹೊರಡಿ. ಒಂದೇ ಸಂಗತಿ ನೋಡಿ ಬನ್ನಿ. ಈ ಕರಪತ್ರವನ್ನು ಬಿಸಾಡದೆ ಪಕ್ಕದ ಮನೆಗೆ ಕೊಡಿ.

ಇಂತಿ,
ಅರಸೀಕೆರೆ, ಬೇಲೂರು, ಹಳೇಬೀಡಿನ ಕೆಲವು ಪೋಷಕರು ಮತ್ತು ಶಿಕ್ಷಕರು